ಬಿಸಿಲು ಜಾಸ್ತಿಯಾದಾಗ ಕೊಆಲಾ ಮರದ ಕಾಂಡವನ್ನು ತಬ್ಬಿಕೊಂಡು ಕೂರುವುದೇಕೆ?

ಮೈ ತಂಪು ಮಾಡಿಕೊಳ್ಳಲು. ಕೊಆಲಾದ ದೇಹದ ಉಷ್ಣತೆ ಸುಮಾರು 36.6 ಡಿಗ್ರಿ ಸೆಲ್ಸಿಯಸ್. ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ ಬೇಸಿಗೆಯ ಗಾಳಿ 40 ಡಿಗ್ರಿ ದಾಟುವುದುಂಟು. ಆಗ ಮರದ ಕಾಂಡ ಗಾಳಿಗಿಂತ 5 ಡಿಗ್ರಿಗೂ ಹೆಚ್ಚು ತಣ್ಣಗಿರಬಹುದು. ಹೊಟ್ಟೆಯ ಮೇಲಿನ ತುಪ್ಪಳ ತೆಳು, ಹಾಗಾಗಿ ಹೊಟ್ಟೆಯನ್ನು ಕಾಂಡಕ್ಕೆ ಒತ್ತಿದರೆ ಮೈಯ ಬಿಸಿ ನೇರ ಮರಕ್ಕೆ ಇಳಿಯುತ್ತದೆ. ಇಲ್ಲದಿದ್ದರೆ ಏದುಸಿರು ಬಿಟ್ಟು, ತುಪ್ಪಳ ನೆಕ್ಕಿ ತಣಿಯಬೇಕು. ಅದಕ್ಕೆ ಮೈಯ ನೀರು ಖರ್ಚು. ನೀರು ಸಿಗುವುದೋ ಬಹುಪಾಲು ನೀಲಗಿರಿ ಎಲೆಯಿಂದಲೇ. ಅದಕ್ಕೇ ಸೆಕೆಯ ದಿನ ತಾನು ತಿನ್ನದ ಅಕೇಶಿಯಾ ಮರವನ್ನೂ ಏರುತ್ತದೆ, ಬರೀ ತಂಪಿಗಾಗಿ!

ಎಲೆ ಒಣಗಿದಾಗ ನೀರು ಹುಡುಕಿ ನೆಲಕ್ಕಿಳಿಯುತ್ತದೆ. ಆಗ ಬಾಟಲಿಯಿಂದ ಬಾಯಿಗೆ ಸುರಿಯಬಾರದು. ತಲೆಯೆತ್ತಿ ಕುಡಿದರೆ ನೀರು ಶ್ವಾಸಕೋಶಕ್ಕೆ ಹೋಗಿ ಸಾಯಬಹುದು. ಅಗಲವಾದ ಬೋಗುಣಿಯಲ್ಲಿಟ್ಟರೆ ತಾನೇ ಬಗ್ಗಿ ಕುಡಿಯುತ್ತದೆ.