ಹೈಫಾದಲ್ಲಿ ಮೆಷಿನ್ ಗನ್ ಎದುರು ಕುದುರೆ ಗೆದ್ದಿದ್ದು ಹೇಗೆ?

ಬೆಂಗಳೂರಿನ ಜೆ.ಸಿ. ನಗರದಲ್ಲಿರುವ ಮೈಸೂರು ಲ್ಯಾನ್ಸರ್ಸ್ (ಮೈಸೂರು ಸಂಸ್ಥಾನದ ಈಟಿ ಹಿಡಿದ ಕುದುರೆ ಪಡೆ) ಸ್ಮಾರಕ ನೋಡಿ ನೀವು ಕೇಳಿದ್ದೀರಿ: ಮೆಷಿನ್ ಗನ್ ಕಾಲದಲ್ಲಿ ಈಟಿ ಹಿಡಿದವರು ಮೊದಲ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು, ಬ್ರಿಟಿಷರ ಪರ ಹೋರಾಡಿ ಹೈಫಾ (ಇಂದಿನ ಇಸ್ರೇಲಿನ ಬಂದರು ನಗರ) ಗೆದ್ದಿದ್ದು ಹೇಗೆ? ತುಂಬಾ ಒಳ್ಳೆಯ ಪ್ರಶ್ನೆ.

ಬರೀ ಧೈರ್ಯದಿಂದ ಅಂತ ಹೇಳಿಬಿಡುವುದು ಸರಿಯಲ್ಲ. ಅದಕ್ಕೆ ನಾಲ್ಕು ದಿನ ಮೊದಲು ಬ್ರಿಟಿಷರ ಫಿರಂಗಿ, ಕಾಲಾಳು ಸೇರಿ ಕರಾವಳಿಯಲ್ಲಿ ಎದುರಾಳಿ ಆಟೊಮನ್ (ತುರ್ಕಿ) ಸೇನೆಯ ರಕ್ಷಣಾ ಸಾಲನ್ನು ಒಡೆದಿದ್ದರು. ಬ್ರಿಟಿಷ್ ವಿಮಾನಗಳು ಆಟೊಮನ್ನರ ಟೆಲಿಫೋನ್ ಕೇಂದ್ರಗಳ ಮೇಲೆ ಬಾಂಬ್ ಹಾಕಿದ್ದವು. ಹಾಗಾಗಿ ಫ್ರಾನ್ಸಿನಲ್ಲಿದ್ದಂಥ ಕೊನೆಯಿಲ್ಲದ ಕಂದಕ, ಮುಳ್ಳುತಂತಿ ಹೈಫಾದಲ್ಲಿ ಇರಲಿಲ್ಲ.

ಆದರೂ ಜಾಗ ಸುಲಭದ್ದಲ್ಲ. ಒಂದು ಕಡೆ ಕಾರ್ಮೆಲ್ ಬೆಟ್ಟ, ಇನ್ನೊಂದು ಕಡೆ ಕಿಶೋನ್ ಹೊಳೆಯ ಕೆಸರು. ಹಿಂದಿನ ದಿನ ಬಂದ ಬ್ರಿಟಿಷರ ಶಸ್ತ್ರಸಜ್ಜಿತ ಕಾರುಗಳೇ ವಾಪಸ್ ಹೋಗಬೇಕಾಯಿತು! ಬೆಟ್ಟದ ಮೇಲೆ ಆಟೊಮನ್ನರ ಮಿತ್ರರಾದ ಆಸ್ಟ್ರಿಯನ್ನರ ಫಿರಂಗಿಗಳಿದ್ದವು. ಅವುಗಳ ಬಾಯಿ ಮುಚ್ಚಿಸಲು ಹತ್ತಿದ್ದು ನಮ್ಮ ಮೈಸೂರಿನವರು. ನನ್ನ ಪ್ರಕಾರ ಆ ದಿನದ ನಿಜವಾದ ಕೀಲಿ ಇದೇ. ಕೆಳಗೆ ಜೊತೆಗಿದ್ದ ಇನ್ನೊಂದು ಕುದುರೆ ಪಡೆ, ಜೋಧಪುರ ಲ್ಯಾನ್ಸರ್ಸ್‌ನವರು, ಎಲ್ಲೂ ನಿಲ್ಲದೆ ನುಗ್ಗಿದರು. ಅಷ್ಟು ವೇಗದಲ್ಲಿ ಬರುವವರಿಗೆ ಗುರಿ ಹಿಡಿಯುವುದು ಕಷ್ಟ ಅಲ್ವಾ? ನಮ್ಮ ಕಡೆ ಸತ್ತ ಸೈನಿಕರು 8, ಕುದುರೆಗಳು 60. ಸೆರೆ ಸಿಕ್ಕ ಎದುರಾಳಿಗಳು 1,350. ಹೊಡೆತವನ್ನೆಲ್ಲ ಆ ಮೂಕ ಪ್ರಾಣಿಗಳೇ ತಿಂದವು, ನೆನೆದರೆ ಸಂಕಟವಾಗುತ್ತದೆ.

ಅಕ್ಟೋಬರ್ 26ರ ಹರಿತಾನ್ ಕದನದ ಬಗ್ಗೆಯೂ ಓದಿ. ಸಿರಿಯಾದ ಅಲೆಪ್ಪೊ ಹತ್ತಿರ ಇದೇ ಎರಡು ದಳಗಳು ಮತ್ತೆ ಕುದುರೆ ಓಡಿಸಿದವು. ಅಲ್ಲಿ ಎದುರಾಳಿಗಳು ಜಾಸ್ತಿ ಇದ್ದರು, ಜಾಗ ಬಿಡಲಿಲ್ಲ. ನಮ್ಮವರು ಹಿಂದೆ ಸರಿಯಬೇಕಾಯಿತು.