ಲೆಸ್ಟರ್‌ನಲ್ಲಿ ದೋಸೆ ಹೋಟೆಲ್ ಇಡ್ತೀಯಾ, ತಮ್ಮ?

ತಮ್ಮ, ನಿನ್ನ ಪ್ರಶ್ನೆ ಓದಿದೆ. ಸೆಪ್ಟೆಂಬರ್‌ನಲ್ಲಿ ಇಂಗ್ಲೆಂಡಿನ ಲೆಸ್ಟರ್‌ಗೆ ಎಂಎಸ್ಸಿ ಓದಲು ಬರುತ್ತಿದ್ದೀಯ. ಓದಿನ ಜೊತೆಗೇ ಸಣ್ಣದಾಗಿ ಒಂದು ಬೆಣ್ಣೆ ದೋಸೆ ಹೋಟೆಲ್ ಇಡಬಹುದಾ, ಅಲ್ಲಿ ನಡೆಯುತ್ತಾ ಅಂತ ಕೇಳಿದ್ದೀಯ. ನಾನು ಆ ಊರಲ್ಲಿ ಹೋಟೆಲ್ ಇಟ್ಟು ಒಂಬತ್ತು ವರ್ಷ ಆಯಿತು. ಸದ್ಯ ರಜೆಗೆ ಬಂದು ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ಅಮ್ಮನ ಮನೆಯಲ್ಲಿದ್ದೇನೆ. ಬೆಳಿಗ್ಗೆ ದೋಸೆ ತಿಂದ ಕೈಯಲ್ಲಿ ಇನ್ನೂ ಬೆಣ್ಣೆ ವಾಸನೆ ಇದೆ.

ಮೊದಲು ಬೇಸರದ ಮಾತು. ಸ್ಟೂಡೆಂಟ್ ವೀಸಾದಲ್ಲಿ ಸ್ವಂತ ವ್ಯಾಪಾರ ಮಾಡುವ ಹಾಗಿಲ್ಲ. ಕ್ಲಾಸು ನಡೆಯುವ ದಿನಗಳಲ್ಲಿ ವಾರಕ್ಕೆ 20 ಗಂಟೆ ಇನ್ನೊಬ್ಬರ ಹತ್ತಿರ ದುಡಿಯಬಹುದು, ಅಷ್ಟೇ. ಗೆಳೆಯನ ಹೆಸರಲ್ಲಿ ಇಟ್ಟು ಹಿಂದೆ ನಿಂತು ನಡೆಸುತ್ತೇನೆ ಅನ್ನಬೇಡ. ಸಿಕ್ಕಿಬಿದ್ದರೆ ವೀಸಾ ಜೊತೆ ಓದೂ ಹೋಗುತ್ತದೆ. ಓದು ಮುಗಿಸಿ ಗ್ರಾಜುಯೇಟ್ ವೀಸಾ ತಗೊಂಡರೆ ಆಗ ಸ್ವಂತದ್ದು ಶುರು ಮಾಡಬಹುದು. ನಾನು ಹೋಗಿದ್ದು ನಮ್ಮನೆಯವರ ಡಿಪೆಂಡೆಂಟ್ ಆಗಿ. ಆ ವೀಸಾಕ್ಕೆ ಈ ಅಡ್ಡಿ ಇಲ್ಲ, ಹಾಗಾಗಿ ನನಗೆ ದಾರಿ ಸಲೀಸಾಯಿತು.

ಈಗ ನನ್ನ ದಡ್ಡತನದ ಕಥೆ. ಮೊದಲ ವರ್ಷ ನನ್ನ ಮೆನುವಿನಲ್ಲಿ 84 ಐಟಂ ಇದ್ದವು. ಪನೀರ್ ಬಟರ್ ಮಸಾಲ, ಗೋಬಿ ಮಂಚೂರಿ, ನಾನ್, ಏನಿಲ್ಲ ಕೇಳು. ಬಂದವರು ಯಾರೂ ವಾಪಸ್ ಹೋಗಬಾರದು ಅನ್ನುವ ಆಸೆ. ಫ್ರಿಜ್ ತುಂಬ ಗ್ರೇವಿ ಡಬ್ಬಿ. ಭಾನುವಾರ ರಾತ್ರಿ ಅದರಲ್ಲಿ ಅರ್ಧ ಕಸಕ್ಕೆ. ಒಂದು ದೋಸೆ ಟೇಬಲ್ಲಿಗೆ ಹೋಗಲು ಇಪ್ಪತ್ತೈದು ನಿಮಿಷ.

ಇವತ್ತು ಬೆಳಿಗ್ಗೆ ನಮ್ಮೂರ ಹೋಟೆಲ್ಲಿನ ಹಂಚಿನ ಮುಂದೆ ನಿಂತು ನೋಡುತ್ತಿದ್ದೆ. ಬೆಣ್ಣೆ ದೋಸೆ, ಓಪನ್ ದೋಸೆ, ಖಾಲಿ ದೋಸೆ, ಮೂರೇ. ಒಂದೇ ಹಿಟ್ಟು, ಒಂದೇ ಚಟ್ನಿ, ಒಂದೇ ಆಲೂ ಪಲ್ಯ. ಹುಯ್ಯುವವನ ಕೈ ನಿಲ್ಲುವುದಿಲ್ಲ, ಹಂಚು ಒಂದು ಗಳಿಗೆ ಬರಿದಾಗುವುದಿಲ್ಲ. ಹಿಟ್ಟು ಮುಗಿದರೆ ಬಾಗಿಲು. ಬೆಳಿಗ್ಗೆ ಹಾಕಿದ ದುಡ್ಡು ಅವತ್ತೇ ಗಲ್ಲಾಕ್ಕೆ ವಾಪಸ್. ಚಿಕ್ಕಂದಿನಿಂದ ಅಲ್ಲೇ ತಿಂದವಳು ನಾನು. ಅದರ ಹಿಂದೆ ಹೀಗೊಂದು ಲೆಕ್ಕ ಇದೆ ಅಂತ ಹೊಳೆಯಲು ಎರಡು ವರ್ಷದ ನಷ್ಟ ಬೇಕಾಯಿತು ನೋಡು. ಈಗ ನನ್ನ ಮೆನುವಿನಲ್ಲಿ 11 ಐಟಂ. ನಾನ್ ಕೇಳಿದವರಿಗೆ ಪಕ್ಕದ ಹೋಟೆಲ್ ತೋರಿಸುತ್ತೇನೆ.

ರುಚಿ ಬರುತ್ತಾ ಅಂದರೆ, ಮುಕ್ಕಾಲು ಬರುತ್ತದೆ. ಕಟ್ಟಿಗೆ ಒಲೆ ಮರೆತುಬಿಡು. 1952ರಲ್ಲಿ ಲಂಡನ್ನಿನಲ್ಲಿ ಹೊಗೆಮಂಜು ಕವಿದು ಸಾವಿರಾರು ಜನ ಸತ್ತರು. 1956ರಲ್ಲಿ ಕಾನೂನು ಬಂತು. ಈಗ ಬಹಳ ಊರುಗಳಲ್ಲಿ ಸುಮ್ನೆ ಕಟ್ಟಿಗೆ ಉರಿಸಿ ಹೊಗೆ ಬಿಡುವಂತಿಲ್ಲ. ನನ್ನದು ಗ್ಯಾಸ್ ಮೇಲೆ ದಪ್ಪ ಕಬ್ಬಿಣದ ಹಂಚು. ಹಿಟ್ಟಿಗೆ ಹಾಕುವ ಮಂಡಕ್ಕಿ ಬೆಲ್‌ಗ್ರೇವ್ ರಸ್ತೆಯ ಗುಜರಾತಿ ಅಂಗಡಿಗಳಲ್ಲಿ ಸಿಗುತ್ತದೆ, 'ಮಮ್ರಾ' ಅಂತ ಕೇಳು. 1972ರಲ್ಲಿ ಉಗಾಂಡದಿಂದ ಓಡಿಸಲ್ಪಟ್ಟ ಗುಜರಾತಿಗಳು ಬಹಳ ಜನ ಲೆಸ್ಟರ್‌ಗೆ ಬಂದರು. ಅವರಿಂದಾಗಿ ಸಸ್ಯಾಹಾರಿ ಗಿರಾಕಿಗೆ ಬರವಿಲ್ಲ. ಬೆಣ್ಣೆ ಮಾತ್ರ ಉಪ್ಪಿಲ್ಲದ್ದು ಅಂತ ಓದಿ ತಗೋ. ಊರಿನ ಬೆಣ್ಣೆ ಸೂಟ್‌ಕೇಸಿನಲ್ಲಿ ತರಬೇಡ. ಹಾಲಿನ ಪದಾರ್ಥ ಒಳಗೆ ಬಿಡುವುದಿಲ್ಲ.

ಶುರು ಮಾಡುವ 28 ದಿನ ಮೊದಲು ಕೌನ್ಸಿಲ್‌ನಲ್ಲಿ, ಅಂದರೆ ಅಲ್ಲಿನ ನಗರಸಭೆಯಲ್ಲಿ, ಹೋಟೆಲ್ ಹೆಸರು ನೋಂದಾಯಿಸಬೇಕು. ಅದಕ್ಕೆ ಫೀಸ್ ಇಲ್ಲ. ಆಮೇಲೆ ಆಫೀಸರ್ ಹೇಳದೆ ಕೇಳದೆ ಬಂದು ನೋಡಿ, 0ಯಿಂದ 5ರವರೆಗೆ ಅಂಕ ಕೊಡುತ್ತಾರೆ. ಬಿಸಿ ಪಲ್ಯ 63 ಡಿಗ್ರಿಗಿಂತ ಕೆಳಗೆ ಇಳಿಯಬಾರದು, ಫ್ರಿಜ್ 8 ದಾಟಬಾರದು. ರಾತ್ರಿಯಿಡೀ ಹೊರಗಿಟ್ಟು ಹುಳಿ ಬರಿಸಿದ ಹಿಟ್ಟು ನೋಡಿ ನನ್ನ ಮೊದಲ ಆಫೀಸರ್ ಹುಬ್ಬು ಮೇಲೇರಿತ್ತು. ಎಷ್ಟು ಹೊತ್ತು, ಯಾವ ಪಾತ್ರೆ, ಯಾವಾಗ ಫ್ರಿಜ್‌ಗೆ ಅಂತ ದಿನಾ ಬರೆದಿಟ್ಟಿದ್ದೆ, ಬಚಾವಾದೆ.

ಅಲರ್ಜಿ ವಿಷಯದಲ್ಲಿ ತಮಾಷೆ ಇಲ್ಲ. 14 ಪದಾರ್ಥಗಳ ಪಟ್ಟಿ ಇದೆ, ಯಾವ ತಿಂಡಿಯಲ್ಲಿ ಯಾವುದಿದೆ ಅಂತ ಗಿರಾಕಿಗೆ ಹೇಳಲೇಬೇಕು. ನಮ್ಮ ಒಗ್ಗರಣೆ ಸಾಸಿವೆ ಅದರಲ್ಲಿದೆ. ಎಳ್ಳು, ಶೇಂಗಾ, ಹಾಲು ಕೂಡ. ಡಬ್ಬಿ ಇಂಗಿನಲ್ಲಿ ಸಾಮಾನ್ಯವಾಗಿ ಗೋಧಿ ಹಿಟ್ಟು ಬೆರೆಸಿರುತ್ತಾರೆ. ಅಕ್ಕಿ ದೋಸೆ, ಗೋಧಿ ಇಲ್ಲ ಅಂತ ಧೈರ್ಯವಾಗಿ ಹೇಳಿ ಪಲ್ಯದ ಇಂಗು ಮರೆತರೆ ಮುಗೀತು.

ದುಡ್ಡಿನ ವಿಷಯ. ವರ್ಷದ ವ್ಯಾಪಾರ 90,000 ಪೌಂಡ್ ದಾಟಿದರೆ ವ್ಯಾಟ್ ಶೇ. 20. ಅಂದರೆ 8 ಪೌಂಡಿನ ದೋಸೆಯಲ್ಲಿ 1.33 ನಿನ್ನದಲ್ಲ. ಊರಿಂದ ಅಡುಗೆಯವರನ್ನು ಕರೆಸುತ್ತೇನೆ ಅನ್ನುವ ಲೆಕ್ಕ ಬೇಡ, 2025ರ ಜುಲೈನಲ್ಲಿ ವೀಸಾ ನಿಯಮ ಬಿಗಿಯಾದ ಮೇಲೆ ಆ ದಾರಿ ಹೆಚ್ಚುಕಮ್ಮಿ ಮುಚ್ಚಿದೆ. ಇನ್ನು ಲೀಸ್. ನನ್ನ ಮೊದಲ ಕರಾರಿನಲ್ಲಿ ಕಟ್ಟಡದ ರಿಪೇರಿ ಪೂರ್ತಿ ಬಾಡಿಗೆದಾರರದ್ದು ಅಂತ ಇತ್ತು. ಓದಿದ್ದೆ, ಅರ್ಥ ಆಗಿರಲಿಲ್ಲ. ಆ ಚಳಿಗಾಲ ಸೂರು ಸೋರಿತು. ಮಾಲೀಕ ಕರಾರು ತೆಗೆದು ತೋರಿಸಿದ. ಮೂರು ತಿಂಗಳ ಗಳಿಕೆ ಹಂಚಿಗೆ ಹೋಯಿತು, ದೋಸೆ ಹಂಚಿಗಲ್ಲ, ಮಾಡಿನ ಹಂಚಿಗೆ. ಸಹಿ ಹಾಕುವ ಮೊದಲು ವಕೀಲರಿಗೆ ದುಡ್ಡು ಕೊಡು.

ಶೇಕ್ ದೀನ್ ಮಹಮದ್ ಅಂತ ಒಬ್ಬರಿದ್ದರು. 1810ರಲ್ಲಿ ಲಂಡನ್ನಿನಲ್ಲಿ ಭಾರತೀಯರೊಬ್ಬರು ಇಟ್ಟ ಮೊದಲ ಹೋಟೆಲ್ ಅವರದ್ದು. 1812ರಲ್ಲಿ ದಿವಾಳಿ. ಆಮೇಲೆ ಬ್ರೈಟನ್‌ಗೆ ಹೋಗಿ ಸ್ನಾನ, ಮಾಲೀಶು ಶುರು ಮಾಡಿ ರಾಜರಿಗೇ ಬೇಕಾದವರಾದರು. ಸೂರು ಸೋರಿದ ಚಳಿಗಾಲದಲ್ಲಿ ನನಗೆ ಅವರ ನೆನಪೇ ಜಾಸ್ತಿ ಬರುತ್ತಿತ್ತು.

ನೀನು ಬಂದ ಮೇಲೆ ಒಂದು ಶನಿವಾರ ಬಾ. ಶನಿವಾರ ನನಗೆ ಪಾತ್ರೆ ತೊಳೆಯಲು ಒಬ್ಬರು ಬೇಕು. ಕೂಲಿ ಕಾನೂನಿನ ಪ್ರಕಾರ, ಪೇ ಸ್ಲಿಪ್ ಸಮೇತ. ಎರಡು ತಿಂಗಳು ಪಾತ್ರೆ, ಆಮೇಲೆ ಹಿಟ್ಟು ರುಬ್ಬುವುದು. ಹಂಚಿನ ಹತ್ತಿರ ಬಿಡುವುದು ಯಾವಾಗ ಅಂತ ಈಗಲೇ ಕೇಳಬೇಡ. ದೋಸೆ ಬಿಟ್ಟಿ.