8 ಜಿಬಿ ರ‍್ಯಾಮ್ ಇರುವ ಲ್ಯಾಪ್‌ಟಾಪ್‌ನಲ್ಲಿ ಎರಡು ವರ್ಚುವಲ್ ಮಷಿನ್ ಓಡಿಸಬೇಕು, ಮೊದಲು ಏನು ಬದಲಿಸಲಿ?

ನೀವು ಕೊಟ್ಟ ವಿವರ ಇಷ್ಟು: ಇಂಟೆಲ್ ಐ5-8250ಯು, 8 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10. ಸೆಕ್ಯುರಿಟಿ ಕಲಿಯಲು ವರ್ಚುವಲ್‌ಬಾಕ್ಸ್‌ನಲ್ಲಿ (ಒಂದು ಕಂಪ್ಯೂಟರ್‌ನೊಳಗೆ ಇನ್ನೊಂದನ್ನು, ಅಂದರೆ ವರ್ಚುವಲ್ ಮಷಿನ್ ಅಥವಾ ವಿಎಂ ಅನ್ನು, ಓಡಿಸುವ ಸಾಫ್ಟ್‌ವೇರ್) ಕಾಲಿ ಲಿನಕ್ಸ್, ಉಬುಂಟು ಎರಡನ್ನೂ ಒಟ್ಟಿಗೆ ತೆರೆದರೆ ಮೌಸ್ ಕೂಡ ಅಲುಗುವುದಿಲ್ಲ. ಅಂಗಡಿಯವರು ಗ್ರಾಫಿಕ್ಸ್ ಕಾರ್ಡ್ ಇರುವ ಹೊಸ ಲ್ಯಾಪ್‌ಟಾಪ್ ತಗೊಳ್ಳಿ ಎಂದಿದ್ದಾರೆ.

ತಗೋಬೇಡಿ. ನಾನು ಕಾಲೇಜೊಂದರ ಲ್ಯಾಬ್ ನೋಡಿಕೊಳ್ಳುತ್ತೇನೆ. ಇದೇ ಕಾಲದ ಪ್ರೊಸೆಸರ್ ಇರುವ ಮಷಿನ್‌ಗಳಲ್ಲಿ ಹುಡುಗರು ದಿನವೂ ಎರಡು ವಿಎಂ ಇಟ್ಟುಕೊಂಡೇ ಕೆಲಸ ಮಾಡುತ್ತಾರೆ. ನಿಮ್ಮದರಲ್ಲಿ 4 ಕೋರ್, 8 ಥ್ರೆಡ್ ಇವೆ, ಅದು ಸಾಕು. ತೊಂದರೆ ಇರುವುದು ರ‍್ಯಾಮ್ ಮತ್ತು ಡಿಸ್ಕ್‌ನಲ್ಲಿ, ಅದರಲ್ಲೂ ಅವೆರಡೂ ಸೇರಿಕೊಂಡು ಮಾಡುವ ಕಿತಾಪತಿಯಲ್ಲಿ.

ಬೇಕಾದರೆ ಈಗಲೇ ನೋಡಿ. ವಿಎಂ ಎರಡೂ ಓಡುತ್ತಿರುವಾಗ ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್ ಪುಟಕ್ಕೆ ಹೋಗಿ. ಸಿಪಿಯು 30-40 ಶೇಕಡಾದಲ್ಲಿ ಆರಾಮಾಗಿದ್ದು, ಮೆಮೊರಿ 95 ದಾಟಿ, ಡಿಸ್ಕ್ 100ಕ್ಕೆ ಅಂಟಿಕೊಂಡಿದ್ದರೆ ನನ್ನ ಮಾತು ನಿಜ. ವಿಂಡೋಸ್ ಮತ್ತು ಬ್ರೌಸರ್ ಸೇರಿ 4 ಜಿಬಿ ತಿನ್ನುತ್ತವೆ. ಉಳಿದ ನಾಲ್ಕರಲ್ಲಿ ಎರಡು ವಿಎಂ ಹಿಡಿಸಬೇಕು. ಹಿಡಿಸದಿದ್ದಾಗ ವಿಂಡೋಸ್ ಮೆಮೊರಿಯಲ್ಲಿರುವುದನ್ನು ಡಿಸ್ಕ್‌ನ ಪೇಜ್ ಫೈಲ್‌ಗೆ ದಬ್ಬುತ್ತದೆ. ಒಳಗಿರುವ ಲಿನಕ್ಸ್‌ಗೂ ಮೆಮೊರಿ ಸಾಲದೆ, ಅದು ತನ್ನ ಸ್ವಾಪ್‌ಗೆ (ಲಿನಕ್ಸ್‌ನ ಪೇಜ್ ಫೈಲ್ ಇದ್ದಂತೆ) ಬರೆಯತೊಡಗುತ್ತದೆ. ಆ ಸ್ವಾಪ್ ಇರುವುದೂ ಅದೇ ಹಾರ್ಡ್ ಡಿಸ್ಕ್ ಮೇಲೆ! ತಿರುಗುವ ಡಿಸ್ಕ್ ಅಲ್ಲಿ ಇಲ್ಲಿ ಚದುರಿದ ಸಣ್ಣ ಓದು-ಬರಹಗಳನ್ನು ಸೆಕೆಂಡಿಗೆ ನೂರರ ಆಸುಪಾಸಿನಲ್ಲಷ್ಟೇ ಮಾಡಬಲ್ಲದು. ಸಾಧಾರಣ ಸಾಟಾ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ, ಚಿಪ್‌ನಲ್ಲೇ ಬರೆಯುವ ಡಿಸ್ಕ್) ಅದನ್ನೇ ಹತ್ತಾರು ಸಾವಿರ ಸಲ ಮಾಡುತ್ತದೆ. ನಿಮ್ಮ ಮೌಸ್ ನಿಂತುಹೋಗುವುದು ಈ ಕ್ಯೂನಲ್ಲಿ.

ಹಾಗಾಗಿ ರ‍್ಯಾಮ್ ಮತ್ತು ಎಸ್‌ಎಸ್‌ಡಿ, ಎರಡೂ ಬೇಕು. ಒಂದಕ್ಕೇ ದುಡ್ಡಿದೆ ಎಂದರೆ? ಒಂದೇ ವಿಎಂ ಆಗಿದ್ದರೆ ಎಸ್‌ಎಸ್‌ಡಿ ಮೊದಲು ಎನ್ನುತ್ತಿದ್ದೆ. ಎರಡು ಬೇಕೇ ಬೇಕು ಎನ್ನುವವರಿಗೆ ರ‍್ಯಾಮ್ ಮೊದಲು.

ರ‍್ಯಾಮ್ ಕೊಳ್ಳುವ ಮುಂಚೆ ಟಾಸ್ಕ್ ಮ್ಯಾನೇಜರ್‌ನ ಮೆಮೊರಿ ಪುಟದಲ್ಲಿ ಎಷ್ಟು ಸ್ಲಾಟ್ ಬಳಕೆಯಲ್ಲಿವೆ ನೋಡಿ. ಎರಡರಲ್ಲಿ ಒಂದು ಎಂದಿದ್ದರೆ ಅದೃಷ್ಟ, ಇನ್ನೊಂದು 8 ಜಿಬಿ ಸೇರಿಸಿದರೆ ಡ್ಯುಯಲ್ ಚಾನೆಲ್ (ಎರಡನ್ನೂ ಒಟ್ಟಿಗೆ ಬಳಸುವ ವೇಗ) ಕೂಡ ಸಿಗುತ್ತದೆ. ಈ ಪ್ರೊಸೆಸರ್ 32 ಜಿಬಿವರೆಗೆ ಒಪ್ಪುತ್ತದೆ. 8ರ ಜೊತೆ 16 ಹಾಕಿ 24 ಮಾಡಿಕೊಂಡರೂ ನಡೆಯುತ್ತದೆ. ನಿಮ್ಮದು ಬಹುತೇಕ ಡಿಡಿಆರ್4 ಇರುತ್ತದೆ, ಲ್ಯಾಪ್‌ಟಾಪ್‌ನ ಚಿಕ್ಕ ಅಳತೆಯ ಸೋಡಿಮ್ ಕೇಳಿ. 2400 ವೇಗದ್ದು ಸಿಗದಿದ್ದರೆ 2666 ಅಥವಾ 3200 ತನ್ನಿ, ವೇಗ ತಾನೇ ಇಳಿಸಿಕೊಂಡು ಕೆಲಸ ಮಾಡುತ್ತದೆ. ತೆಳುವಾದ ಕೆಲವು ಮಾಡೆಲ್‌ಗಳಲ್ಲಿ ರ‍್ಯಾಮ್ ಬೋರ್ಡಿಗೇ ಬೆಸೆದಿರುತ್ತದೆ, ಅಲ್ಲಿ ಮಾಡುವುದೇನೂ ಇಲ್ಲ.

ಎಸ್‌ಎಸ್‌ಡಿ ವಿಷಯದಲ್ಲಿ ಆ ಕಾಲದ ಲ್ಯಾಪ್‌ಟಾಪ್‌ಗಳು ಸ್ವಲ್ಪ ಆಟ ಆಡಿಸುತ್ತವೆ. ಎಂ.2 ಸ್ಲಾಟ್ (ಎಸ್‌ಎಸ್‌ಡಿ ಕೂರಿಸುವ ಚಿಕ್ಕ ಕಿಂಡಿ) ಇದೆ ಎಂದ ಮಾತ್ರಕ್ಕೆ ಸಾಟಾಗಿಂತ ವೇಗದ ಎನ್‌ವಿಎಂಇ ಬಗೆಯ ಎಸ್‌ಎಸ್‌ಡಿ ಓಡುತ್ತದೆ ಎಂದಲ್ಲ. ಕೆಲವದರಲ್ಲಿ ಸಾಟಾ ಮಾತ್ರ. ಮಾಡೆಲ್‌ನ ಮ್ಯಾನ್ಯುಯಲ್ ನೋಡದೆ ಕೊಳ್ಳಬೇಡಿ. ಸ್ಲಾಟೇ ಇಲ್ಲವಾದರೆ ಹಾರ್ಡ್ ಡಿಸ್ಕ್ ತೆಗೆದು ಆ ಜಾಗಕ್ಕೆ 2.5 ಇಂಚಿನ ಸಾಟಾ ಎಸ್‌ಎಸ್‌ಡಿ ಹಾಕಿಸಿ, ಹಳೆಯದನ್ನು ಯುಎಸ್‌ಬಿ ಕೇಸಿನೊಳಗೆ ಇಟ್ಟು ಇನ್‌ಸ್ಟಾಲ್ ಮಾಡುವ ಐಎಸ್‌ಒ ಫೈಲ್, ಬ್ಯಾಕಪ್‌ಗಳಿಗೆ ಬಳಸಿ. ಸಾಟಾ ಎಂದು ಬೇಜಾರು ಬೇಡ. ವಿಎಂ ಕೆಲಸಕ್ಕೆ ಹಾರ್ಡ್ ಡಿಸ್ಕ್‌ನಿಂದ ಸಾಟಾಗೆ ಬಂದಾಗ ಕಾಣುವ ವ್ಯತ್ಯಾಸ ಅಲ್ಲಿಂದ ಎನ್‌ವಿಎಂಇಗೆ ಹೋದಾಗ ಕಾಣುವುದಿಲ್ಲ. 500 ಜಿಬಿಗಿಂತ ಕಡಿಮೆ ಬೇಡ, ಸ್ನ್ಯಾಪ್‌ಶಾಟ್‌ಗಳು (ವಿಎಂನ ಆ ಕ್ಷಣದ ಸ್ಥಿತಿಯನ್ನು ಉಳಿಸಿಟ್ಟ ಪ್ರತಿಗಳು) ಜಾಗ ನುಂಗುತ್ತವೆ. ವಿಎಂಗಳನ್ನು ಹೊಸ ಡಿಸ್ಕ್‌ಗೆ ಸಾಗಿಸುವಾಗ ಫೈಲ್ ಕಾಪಿ ಮಾಡುವುದಕ್ಕಿಂತ ವರ್ಚುವಲ್‌ಬಾಕ್ಸ್‌ನಲ್ಲಿ ವಿಎಂ ಮೇಲೆ ರೈಟ್ ಕ್ಲಿಕ್ ಮಾಡಿದರೆ ಬರುವ ಮೂವ್ ಬಳಸಿ.

ಹೇಗೂ ಹೊಸ ಡಿಸ್ಕ್ ಹಾಕುತ್ತೀರಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ನಿಮ್ಮ ಪ್ರೊಸೆಸರ್ ವಿಂಡೋಸ್ 11ರ ಪಟ್ಟಿಯಲ್ಲಿದೆ. ಅದನ್ನೇ ಹಾಕಿಕೊಳ್ಳಿ. ಆದರೆ ಹಾಕಿದ ಮೇಲೆ ವಿಎಂ ಕಿಟಕಿಯ ಕೆಳಗಿನ ಪಟ್ಟಿಯಲ್ಲಿ ಹಸಿರು ಆಮೆಯ ಚಿತ್ರ ಕಾಣುತ್ತದೆಯೇ ಗಮನಿಸಿ. ಕಂಡರೆ ವರ್ಚುವಲ್‌ಬಾಕ್ಸ್ ನೇರವಾಗಿ ಪ್ರೊಸೆಸರ್‌ನ ವರ್ಚುವಲೈಸೇಶನ್ ಬಳಸದೆ, ವಿಂಡೋಸ್‌ನದೇ ವಿಎಂ ವ್ಯವಸ್ಥೆಯಾದ ಹೈಪರ್-ವಿ ಮೂಲಕ ಓಡುತ್ತಿದೆ, ಹೆಸರಿಗೆ ತಕ್ಕ ಹಾಗೆ ನಿಧಾನ. ಹೊಸದಾಗಿ ಹಾಕಿದ ವಿಂಡೋಸ್ 11ರಲ್ಲಿ ಕೋರ್ ಐಸೊಲೇಶನ್ ಕೆಳಗಿನ ಮೆಮೊರಿ ಇಂಟೆಗ್ರಿಟಿ ಆನ್ ಆಗಿರುವುದು ಸಾಮಾನ್ಯ. ಅದನ್ನೂ, ವಿಂಡೋಸ್ ಫೀಚರ್ಸ್‌ನಲ್ಲಿರುವ ಹೈಪರ್-ವಿ, ವರ್ಚುವಲ್ ಮಷಿನ್ ಪ್ಲಾಟ್‌ಫಾರ್ಮ್‌ಗಳನ್ನೂ ಆಫ್ ಮಾಡಿ ರೀಸ್ಟಾರ್ಟ್ ಮಾಡಿದರೆ ಆಮೆ ಸಾಮಾನ್ಯವಾಗಿ ಹೋಗುತ್ತದೆ. ಇದರಿಂದ ವಿಂಡೋಸ್‌ನ ಒಂದು ರಕ್ಷಣೆ ಕಡಿಮೆಯಾಗುತ್ತದೆ, ಡಬ್ಲ್ಯುಎಸ್‌ಎಲ್ 2 (ವಿಂಡೋಸ್‌ನೊಳಗೆ ಲಿನಕ್ಸ್ ಓಡಿಸುವ ಸೌಲಭ್ಯ) ಓಡುವುದಿಲ್ಲ. ಇವುಗಳನ್ನೇ ನೆಚ್ಚಿಕೊಂಡಿರುವ ಡಾಕರ್ ಡೆಸ್ಕ್‌ಟಾಪ್ ಬಳಸುವವರಾದರೆ ಆಮೆಯೊಂದಿಗೇ ಸಂಸಾರ ಮಾಡಬೇಕು. ಬಯೋಸ್‌ನಲ್ಲಿ ಇಂಟೆಲ್ ವರ್ಚುವಲೈಸೇಶನ್ ಆನ್ ಇದೆಯೇ ಎಂಬುದು ಟಾಸ್ಕ್ ಮ್ಯಾನೇಜರ್‌ನ ಸಿಪಿಯು ಪುಟದಲ್ಲೇ ಗೊತ್ತಾಗುತ್ತದೆ.

ಇನ್ನು ಹಂಚಿಕೆ. ನಮ್ಮ ಹುಡುಗರು ವಿಎಂಗೆ ಎಂಟೂ ಪ್ರೊಸೆಸರ್ ಕೊಟ್ಟು, ಆಮೇಲೆ ನಿಧಾನ ಎನ್ನುತ್ತಾರೆ. ಎಲ್ಲವನ್ನೂ ಒಳಗಿನವರಿಗೇ ಕೊಟ್ಟರೆ ವಿಂಡೋಸ್‌ಗೆ ಏನು ಉಳಿಯಿತು? ತಲಾ ಎರಡು ಕೊಡಿ. 16 ಜಿಬಿ ಆದಮೇಲೆ ಕಾಲಿ ಲಿನಕ್ಸ್‌ಗೆ 4 ಜಿಬಿ, ಉಬುಂಟುಗೆ 4 ಜಿಬಿ, ವಿಂಡೋಸ್‌ಗೆ 8 ಉಳಿಯಲಿ. ಉಬುಂಟು ಬರೀ ದಾಳಿ ಅಭ್ಯಾಸದ ಗುರಿಯಾಗಿದ್ದರೆ ಅದಕ್ಕೆ ಡೆಸ್ಕ್‌ಟಾಪ್ ಯಾಕೆ? ಸರ್ವರ್ ಆವೃತ್ತಿ ಹಾಕಿ, 2 ಜಿಬಿ ಧಾರಾಳ. ಹೆಡ್‌ಲೆಸ್ ಆಗಿ (ಕಿಟಕಿ ತೆರೆಯದೆ) ಶುರು ಮಾಡಿ ಎಸ್‌ಎಸ್‌ಎಚ್‌ನಲ್ಲಿ (ಹೊರಗಿನಿಂದಲೇ ಆದೇಶ ಟೈಪ್ ಮಾಡುವ ದಾರಿ) ಒಳಗೆ ಹೋಗಿ. ಗ್ರಾಫಿಕ್ಸ್ ಕಾರ್ಡ್‌ನ ಮಾತು ಬಿಡಿ. ವಿಎಂಗೆ ಕಾಣುವುದು ವರ್ಚುವಲ್‌ಬಾಕ್ಸ್ ಸೃಷ್ಟಿಸಿದ ಡಿಸ್‌ಪ್ಲೇ ಅಡಾಪ್ಟರ್, ನಿಮ್ಮ ಕಾರ್ಡ್ ಅಲ್ಲ.

ಖರೀದಿಗೆ ಬೆಂಗಳೂರಿನಲ್ಲಿದ್ದರೆ ಎಸ್.ಪಿ. ರೋಡ್ ಒಮ್ಮೆ ಸುತ್ತಿ. 2025ರ ಕೊನೆಯಿಂದ ರ‍್ಯಾಮ್ ಬೆಲೆ ಏರಿರುವುದರಿಂದ ಸೆಕೆಂಡ್ ಹ್ಯಾಂಡ್ ರ‍್ಯಾಮ್ ಕಡ್ಡಿ ಕೊಳ್ಳಬಹುದು. ವಾಪಸ್ ತಗೋತೀರಾ ಎಂದು ಮೊದಲೇ ಕೇಳಿ, ಬಿಲ್ ಮೇಲೆ ಬರೆಸಿಕೊಂಡು, ಮನೆಗೆ ಬಂದ ರಾತ್ರಿಯೇ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಹಚ್ಚಿ ಮಲಗಿ. ಬೆಳಗ್ಗೆ ಒಂದೇ ಒಂದು ಎರರ್ ಕಂಡರೂ ಕಡ್ಡಿ ಅಂಗಡಿಗೆ ವಾಪಸ್. ಬಳಸಿದ ಎಸ್‌ಎಸ್‌ಡಿ ಮಾತ್ರ ಎಷ್ಟೇ ಅಗ್ಗವಾದರೂ ಬೇಡ.

ಲ್ಯಾಪ್‌ಟಾಪ್‌ನ ಪೂರ್ತಿ ಮಾಡೆಲ್ ನಂಬರ್ ಹಾಕಿ, ಎಂ.2 ಸ್ಲಾಟ್ ಯಾವುದಿದೆ ನೋಡಿ ಹೇಳುತ್ತೇನೆ.